ತಿಕೋಟಾ–ಬಬಲೇಶ್ವರ: ಒಂದು ಆಟದ ಬೆನ್ನು ಹತ್ತಿ

ಪುಟದ ನೆತ್ತಿಯ ಮೇಲೆ ಎರಡು ಊರ ಹೆಸರು. ಎಡಕ್ಕೆ ತಿಕೋಟಾ, ಬಲಕ್ಕೆ ಬಬಲೇಶ್ವರ. ನಡುವೆ ರೂಳುಕೋಲು ಹಿಡಿದು ಎಳೆದ ಕೆಂಪು ಗೆರೆ. ಗೆರೆಯ ಎಡಗಡೆ ಮೊದಲ ಸಾಲಿನಲ್ಲಿ ‘ಪ್ಯಾ–ವಒಂ4’ ಎಂದು ಬರೆದಿತ್ತು. ಬಲಗಡೆಯೂ ‘ಪ್ಯಾ–ವಒಂ4’. ಎರಡನೆಯ ಸಾಲು ‘ಕು–ವಒಂ3’. ಬಲಗಡೆ ‘ಸದರ’ ಎಂಬ ಅರ್ಥದ ಎರಡು ಪುಟ್ಟ ಗೀಟು. ಮೂರು, ನಾಲ್ಕು, ಐದು, ಆರು, ಎಲ್ಲದಕ್ಕೂ ಬಲಗಡೆ ಅದೇ ಗೀಟು. ಏಳನೆಯ ಸಾಲಿಗೆ ಬಂದಾಗ ಮಾತ್ರ ಎರಡೂ ಊರುಗಳ ಲೆಕ್ಕ ಬೇರೆಯಾಗಿತ್ತು.

ನಾನು ಹುಡುಕುತ್ತಿದ್ದದ್ದು ಬರವನ್ನು. ನಮ್ಮ ಕಡೆ ವಯಸ್ಸಾದವರು ಇಸ್ವಿ ಹೇಳುವಾಗ ಶತಮಾನವನ್ನು ಬಿಟ್ಟೇ ಬಿಡುತ್ತಾರೆ. ‘ಎಪ್ಪತ್ತೆರಡು’ ಅಂದರೆ ಸಾಕು, ಅದು 1972, ಅದು ಬರ. ಮಳೆ ಕೈಕೊಟ್ಟು, ಬಾವಿ ಬತ್ತಿ, ಊರಿಗೆ ಊರೇ ರಸ್ತೆ ಬದಿಯಲ್ಲಿ ಕೂತು ಖಡಿ ಒಡೆದ ವರ್ಷ. ಆ ಬರಗಾಲದ ಕಾಮಗಾರಿಯ ಬಗ್ಗೆ ಒಂದು ಲೇಖನ ಬರೆಯಬೇಕೆಂದು ಹಜೇರಿ ಪುಸ್ತಕ, ಪಗಾರ ಪಟ್ಟಿ ಎಲ್ಲಾದರೂ ಉಳಿದಿದ್ದಾವೇ ಎಂದು ಕೇಳುತ್ತ ತಿರುಗುತ್ತಿದ್ದೆ. ಆಗ ತಿಕೋಟಾ, ಬಬಲೇಶ್ವರ ಎರಡೂ ಬಿಜಾಪುರ ತಾಲೂಕಿನ ಊರುಗಳು. ತಾಲೂಕು ಅನಿಸಿಕೊಂಡದ್ದು ಇತ್ತೀಚೆಗೆ. ಊರೂರು ಅಲೆದಾಗ ಕೊನೆಗೆ ಸಿಕ್ಕಿದ್ದು ವಿಜಯಪುರದಿಂದ ಪಶ್ಚಿಮಕ್ಕೆ ಸುಮಾರು 20 ಕಿ.ಮೀ. ದೂರದ ತಿಕೋಟಾದಲ್ಲಿ, ದ್ರಾಕ್ಷಿ ಬೆಳೆಗಾರರೊಬ್ಬರ ಹಳೇ ಮನೆಯ ನಾಗೊಂದಿಗೆಯ ಮೇಲೆ. ಅವರ ಅಜ್ಜ ಬರಗಾಲದ ಕಾಮಗಾರಿಯ ಮೇಲೆ ಕಾರಕೂನ ಆಗಿದ್ದರಂತೆ.

“ಅಜ್ಜಂದ ಐತಿ ನೋಡ್ರಿ ಸರ. ಯಾರಿಗೂ ಓದಾಕ ಬರೂದಿಲ್ಲ. ಮಣೂಕದ ಬಾಕ್ಸಿನ ಕೆಳಗ ಬಿದ್ದಿತ್ತು” ಎಂದು ಮೊಮ್ಮಗ ಕೊಟ್ಟ ಪುಸ್ತಕಕ್ಕೆ ಒಣದ್ರಾಕ್ಷಿಯ ಗಂಧಕದ ವಾಸನೆ ಹತ್ತಿತ್ತು. ಅವರ ಮನೆಗೆ ವ್ಯಾಪಾರಸ್ಥರು ಬಂದು ಕೂತಿದ್ದರು, ನನಗೂ ಕೊನೆಯ ಬಸ್ಸಿನ ಗಡಿಬಿಡಿ. ಪುಸ್ತಕವನ್ನು ನಡುವಿಗೆ ತೆರೆದೆ. ಎರಡೂ ಊರ ಹೆಸರಿದ್ದ ಆ ಪುಟ ಕಂಡಿತು. ಮೊಬೈಲಿನಲ್ಲಿ ಅದೊಂದೇ ಪುಟದ ಫೋಟೋ ಹೊಡೆದುಕೊಂಡು ಪುಸ್ತಕ ತಿರುಗಿ ಕೊಟ್ಟೆ. ದಾಖಲೆ ಹುಡುಕುವವನು ಮಾಡಬಾರದ ಕೆಲಸ ಇದು ಎಂದು ನನ್ನ ವಿದ್ಯಾರ್ಥಿಗಳಿಗೆ ಹತ್ತು ಸಲ ಹೇಳಿದ್ದೇನೆ.

ಮನೆಗೆ ಬಂದು ಓದತೊಡಗಿದೆ. ‘ಕು’ ಅಂದರೆ ಕುಟುಂಬ ಎಂದುಕೊಂಡೆ. ‘ಆ’ ಅಂದರೆ ಆಳು. ‘ರಾ’ ರಾಶಿ, ಅಂದರೆ ಖಡಿಯ ರಾಶಿ. ‘ವ’ ವಸೂಲಿ ಇರಬೇಕು. ‘ಪ್ಯಾ’ ಒಂದು ಹೊಂದಲಿಲ್ಲ. ಹಾಲಿನ ಪುಡಿಯ ಪ್ಯಾಕೆಟ್ ಹಂಚಿದ ಲೆಕ್ಕವೆಂದು ಅದನ್ನೂ ಜಗ್ಗಿ ಕೂಡಿಸಿದೆ. ‘ಕು×ಕು’ ಎಂದು ಒಂದು ಕಡೆ ಇತ್ತು. ಕುಟುಂಬವನ್ನು ಕುಟುಂಬದಿಂದ ಗುಣಿಸಿದರೆ ಏನು ಬರುತ್ತದೆಂದು ಒಂದು ಸಂಜೆಯೆಲ್ಲ ತಲೆ ಕೆಡಿಸಿಕೊಂಡಿದ್ದೇನೆ. ಎರಡು ಊರಿಗೆ ಮೊದಲ ಆರು ವಾರ ಸರಿಸಮ ಹಂಚಿಕೆ, ಏಳನೆಯ ವಾರದಿಂದ ತಾರತಮ್ಯ — ಹೀಗೊಂದು ಸಿದ್ಧಾಂತವೂ ತಯಾರಾಯಿತು.

ಅದನ್ನು ಒಡೆದದ್ದು ನಮ್ಮ ಓಣಿಯ ಪಿಯುಸಿ ಹುಡುಗ. ಫೋಟೋ ದೊಡ್ಡದು ಮಾಡಿ ನೋಡುತ್ತಿದ್ದಾಗ ಹಿಂದಿನಿಂದ ಇಣುಕಿದ ಅವನು ಆರನೆಯ ಸಾಲಿಗೆ ಬೆರಳಿಟ್ಟ. ಅಲ್ಲಿ ಎಡಗಡೆ ‘0–0’ ಎಂದಿತ್ತು. ನಾನು ಅದನ್ನು ಶೂನ್ಯ ಹಂಚಿಕೆ ಎಂದು ಓದಿದ್ದೆ.

“ಸರ, ಇದು ಕ್ಯಾಸಲಿಂಗ್ ಅಲ್ರಿ? ಇದು ಚೆಸ್ ಐತ್ರಿ.”

ಅವನು ಹೇಳಿದ ಮೇಲೆ ಎಲ್ಲವೂ ಒಮ್ಮೆಲೇ ಬಿಚ್ಚಿಕೊಂಡಿತು. ಪ್ಯಾ ಅಂದರೆ ಪ್ಯಾದೆ. ಕು ಕುದುರೆ, ಒಂ ಒಂಟೆ, ಆ ಆನೆ, ರಾ ರಾಜ, ವ ವಜೀರ. ಬರೆದವರ ಜಾಣತನ ನೋಡಿ: ರಾಣಿ ಎಂದು ಕರೆದಿದ್ದರೆ ರಾಜನಿಗೂ ರಾಣಿಗೂ ‘ರಾ’ ಒಂದೇ ಆಗಿ ತೊಡಕಾಗುತ್ತಿತ್ತು; ಇಂಗ್ಲಿಷಿನವರಿಗೆ ಕಿಂಗ್, ನೈಟ್ ಎರಡಕ್ಕೂ ‘ಕೆ’ ಬಂದು ತೊಡಕಾದ ಹಾಗೆ. ನಮ್ಮ ಕಡೆ ಬುದ್ಧಿಬಳ ಆಡುವವರ ಬಾಯಲ್ಲಿ ಹೇಗೂ ಅದು ವಜೀರನೇ. ‘ವಒಂ4’ ಅಂದರೆ ವಜೀರನ ಕಡೆಯ ಒಂಟೆಯ ಮುಂದಿನ ನಾಲ್ಕನೆಯ ಮನೆ.

ಇದು ಹಳೆಯ ಇಂಗ್ಲಿಷ್ ಬರವಣಿಗೆಯ ಪದ್ಧತಿ. ಈಗಿನ ಮಕ್ಕಳು ಮನೆಗಳನ್ನು ಎ, ಬಿ, ಸಿ ಎಂದೂ 1ರಿಂದ 8ರವರೆಗೂ ಬಿಳಿಯ ಕಡೆಯಿಂದ ಮಾತ್ರ ಎಣಿಸುತ್ತಾರೆ. ಹಳೆಯ ಪದ್ಧತಿಯಲ್ಲಿ ಪ್ರತಿಯೊಬ್ಬನೂ ತನ್ನ ಕಡೆಯಿಂದ ಎಣಿಸಬೇಕು. ಜಾಗತಿಕ ಚೆಸ್ ಒಕ್ಕೂಟ ಫಿಡೆ ಆ ಪದ್ಧತಿಗೆ ಮಾನ್ಯತೆ ನಿಲ್ಲಿಸಿದ್ದು 1981ರಲ್ಲಿ. ಇಬ್ಬರೂ ತಂತಮ್ಮ ಕಡೆಯಿಂದ ಎಣಿಸುವುದರಿಂದಲೇ ನಮ್ಮ ಪುಟದಲ್ಲಿ ಕನ್ನಡಿ ಅಷ್ಟು ಸ್ಪಷ್ಟವಾಗಿತ್ತು. ಬಿಳಿ ಆಡಿದ್ದನ್ನೇ ಕರಿಯೂ ಆಡಿದರೆ ಹೊಸ ಪದ್ಧತಿಯಲ್ಲಿ ಸಿ4ಕ್ಕೆ ಸಿ5 ಎಂದಾಗುತ್ತದೆ, ಅಂಕಿ ಬದಲಾಗುತ್ತದೆ. ಹಳೆಯದರಲ್ಲಿ ಎರಡೂ ‘ಪ್ಯಾ–ವಒಂ4’. ಗೀಟು ಹಾಕಿದರೆ ಮುಗಿಯಿತು. ಎರಡೂ ಕಡೆಯ ಪ್ಯಾದೆ ಬದಿಯಿಂದ ಎರಡು ಮನೆ ಮುಂದೆ, ಎರಡೂ ಕಡೆಯ ಕುದುರೆಗಳು ಹೊರಗೆ, ರಾಜನ ಕುದುರೆಯ ಮುಂದಿನ ಪ್ಯಾದೆ ಒಂದು ಮನೆ, ಆ ಕಿಂಡಿಯಲ್ಲಿ ಒಂಟೆ, ಆಮೇಲೆ ಇಬ್ಬರ ರಾಜರೂ ಕೋಟೆಯೊಳಗೆ. ಆರು ನಡೆ, ಒಂದು ಕೂದಲೆಳೆಯ ವ್ಯತ್ಯಾಸವಿಲ್ಲ. ಇಂಗ್ಲಿಷ್ ಓಪನಿಂಗ್‌ನ ಸರಿಸಮ ಕವಲು ಎಂದು ಹುಡುಗ ಹೇಳಿದ. 1843ರಲ್ಲಿ ಪ್ಯಾರಿಸಿನಲ್ಲಿ ಫ್ರಾನ್ಸಿನ ಸೇಂತ್-ಅಮಾಂ ಎದುರು ಇಂಗ್ಲೆಂಡಿನ ಹೊವಾರ್ಡ್ ಸ್ಟಾಂಟನ್ ಈ ಆರಂಭವನ್ನು ಆಡಿದ್ದರಿಂದ ಆ ಹೆಸರು ಬಂತು.

ಸ್ಟಾಂಟನ್ ಯಾರಿಗೆ ಬೇಕಾಗಿದ್ದ? ನನ್ನ ಕಣ್ಣಿದ್ದದ್ದು ಪುಟದ ನೆತ್ತಿಯ ಮೇಲೆ. ಬಿಳಿ: ತಿಕೋಟಾ. ಕರಿ: ಬಬಲೇಶ್ವರ. ಬರದ ವರ್ಷ, ಎರಡು ಊರುಗಳ ನಡುವೆ ಪಂದ್ಯಾವಳಿ, ಅದರ ನಡೆಗಳನ್ನು ಕನ್ನಡದ ಅಕ್ಷರದಲ್ಲೇ ಬರೆದಿಟ್ಟಿದ್ದಾರೆ! ಭಾರತದಲ್ಲಿ ಆಗ ಒಬ್ಬ ಗ್ರ್ಯಾಂಡ್‌ಮಾಸ್ಟರೂ ಇರಲಿಲ್ಲ. ಇಂಟರ್‌ನ್ಯಾಷನಲ್ ಮಾಸ್ಟರ್ ಎಂದರೆ 1961ರಲ್ಲಿ ಆ ಪದವಿ ಪಡೆದ ಮ್ಯಾನುಯೆಲ್ ಆರನ್ ಒಬ್ಬರೇ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಗಲು, ಮೈಸೂರಿನ ತೇಜಕುಮಾರ್ ಆ ಪಟ್ಟ ಪಡೆಯಲು, 2017 ಬರಬೇಕಾಯಿತು. ಅಂಥದ್ದರಲ್ಲಿ ಡೋಣಿ ಸೀಮೆಯ ಎರಡು ಊರು 37 ನಡೆಯ ಗಟ್ಟಿ ಆಟ ಆಡಿದ್ದವು.

ಹುಡುಗನಿಗೆ ತಾಕೀತು ಮಾಡಿದೆ: ಲೇಖನ ಅಚ್ಚಾಗುವವರೆಗೆ ಯಾರಿಗೂ ತೋರಿಸಬಾರದು, ಯಾವ ಕಂಪ್ಯೂಟರಿಗೂ ಹಾಕಬಾರದು. ಸ್ಥಳೀಯ ಇತಿಹಾಸ ಬರೆಯುವವರಿಗೆಲ್ಲ ಈ ರೋಗ ಒಮ್ಮೆಯಾದರೂ ಬರುತ್ತದೆ. ನನಗೆ ಜೋರಾಗಿಯೇ ಬಂತು. ಪೀಠಿಕೆಯನ್ನು ಮೊದಲೇ ಬರೆದಿಟ್ಟೆ. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಚದುರಂಗದ ಭಾಗವಿದೆ, ಈ ಸೀಮೆ ಆಗ ಚಾಲುಕ್ಯರದೇ. ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆಯನ್ನು 64 ಮನೆಗೂ ಒಂದೊಂದೇ ಸಲ ಓಡಿಸುವ ಒಗಟುಗಳನ್ನು ಕಟ್ಟಿದರು. ಸೋಮೇಶ್ವರನಿಂದ ಒಡೆಯರಿಗೆ, ಒಡೆಯರಿಂದ ತಿಕೋಟಾಕ್ಕೆ ಒಂದೇ ಉಸಿರಿನಲ್ಲಿ ಜಿಗಿದಿದ್ದೆ. ನಡುವೆ 800 ವರ್ಷ ಏನಾಯಿತೆಂದು ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.

ಸಾಕ್ಷಿ ಬೇಕಲ್ಲ. ವಿಜಯಪುರದ ವಾಚನಾಲಯಗಳಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ಈ ಊರಿನಲ್ಲಿ ಕಟ್ಟು ಬಿಚ್ಚುವಾಗ ಫ.ಗು. ಹಳಕಟ್ಟಿಯವರು ನೆನಪಾಗದೆ ಇರುವುದಿಲ್ಲ. ವಕೀಲಿಕೆ ಮಾಡುತ್ತಲೇ ಮನೆಮನೆಯ ತಾಡೋಲೆ ಕಟ್ಟು ಬಿಚ್ಚಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ ಹೊರತಂದು, 1926ರಿಂದ ‘ಶಿವಾನುಭವ’ ನಡೆಸಿದವರು. ಅವರ ಊರಿನಲ್ಲಿ ಕೂತು ಒಂದು ಪುಟದ ಫೋಟೋ ಹಿಡಿದುಕೊಂಡು ನಾನು ಶೋಧ ನಡೆಸಿದ್ದೆ. ಕ್ರೀಡಾ ವರದಿಗಳಲ್ಲಿ ಕುಸ್ತಿ ಸಿಕ್ಕಿತು, ಸೈಕಲ್ ಓಟ ಸಿಕ್ಕಿತು, ಕಬಡ್ಡಿಯಂತೂ ಪುಟಪುಟಕ್ಕೂ ಸಿಕ್ಕಿತು. ಒಂದು ಕಚೇರಿಯ ದಾಖಲೆ ಕೋಣೆಯಲ್ಲಿ ಮೂರು ದಿನ ಕಾದ ಮೇಲೆ ಕೆಂಪು ಬಟ್ಟೆಯ ರುಮಾಲೊಂದು ಕೈಗೆ ಬಂತು. ಒಳಗಿದ್ದದ್ದು ಭೂಸ್ವಾಧೀನದ ಕಾಗದ. ಕೊಟ್ಟವರು, “ಬರಗಾಲದ್ದಽ ಕೇಳಿದ್ರಲ್ಲ, ಇದೂ ಅದಽ ಕಾಲದ್ದು” ಎಂದರು. ಅವರದೂ ತಪ್ಪಿರಲಿಲ್ಲ.

ಶಹರದಲ್ಲಿ ನನಗೆ ನಿಜವಾಗಿ ಏನಾದರೂ ಕಲಿಸಿದವರು ಗೋಳಗುಮ್ಮಟದ ಆಚೆ ಓಣಿಯ ಚಹಾದಂಗಡಿಯಲ್ಲಿ ದಿನಾ ಸಂಜೆ ಬಾಜಿ ಹಾಕುವ ಚಾಚಾ. ಎಂಬತ್ತರ ಹತ್ತಿರದ ವಯಸ್ಸು. ಆಡುವುದಕ್ಕೆ ಬಟ್ಟೆಯ ಬಿಸಾತು, ಹಿಡಿಕೆ ಸವೆದ ಕಟ್ಟಿಗೆಯ ಕಾಯಿ. ನಾನು ಪುಟವನ್ನು ಓದಿ ಹೇಳಿದೆ. ಮೊದಲ ನಡೆಗೇ ಕೈ ಎತ್ತಿ ನಿಲ್ಲಿಸಿದರು.

“ಇದು ನಮ್ಮ ಬಾಜಿ ಅಲ್ಲ ಬೇಟಾ. ನಮ್ಮದ್ರಾಗ ಪ್ಯಾದಾ ಒಂದಽ ಮನಿ. ಇವ್ರ ಪ್ಯಾದಾ ಮದಲ್ನೇ ಹೊಡ್ತಕ್ಕ ಎರಡ ಮನಿ ಜಿಗದೈತಿ. ರಾಜಾ ಮನಿ ಕಟ್ಟಿಕೊಂಡಾನ ಅಂತೀರಿ. ನಮ್ಮ ರಾಜಾ ಮನಿ ಕಟ್ಟೂದಿಲ್ಲ, ಶಹ್ ಬೀಳೂಕಿಂತ ಮದಲ ಒಮ್ಮೆ ಕುದರಿಗತೆ ಜಿಗೀತಾನ, ಅಷ್ಟಽ. ಇದು ಅಂಗ್ರೇಜಿ.”

ಅವರು ಹೇಳಿದ್ದು ದೇಸಿ ಶತರಂಜಿನ ನಿಯಮ. ದೇಶದ ಬೇರೆ ಬೇರೆ ಕಡೆ ಸ್ವಲ್ಪ ಸ್ವಲ್ಪ ಭೇದದಿಂದ ಇದೇ ಆಟ ನಡೆಯುತ್ತಿತ್ತು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದು ಈ ಆಟವನ್ನೇ. ಆಮೇಲೆ ಅಂಗ್ರೇಜಿ ನಿಯಮ ಕಲಿತು, 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. ಹೇಸ್ಟಿಂಗ್ಸ್‌ನಲ್ಲಿ ಕಾಪಾಬ್ಲಾಂಕಾನನ್ನೇ ಸೋಲಿಸಿದ. ಅದಕ್ಕೂ ಹಿಂದೆ, 1850ರ ದಶಕದಲ್ಲಿ, ಕಲ್ಕತ್ತೆಯ ಮೊಹೇಶಚಂದ್ರ ಬ್ಯಾನರ್ಜಿ ಸ್ಕಾಟ್ಲೆಂಡಿನ ಕಾಕ್ರೇನ್ ಎದುರು ಕುದುರೆಯ ಮುಂದಿನ ಪ್ಯಾದೆ ಒಂದು ಮನೆ ಎತ್ತಿ ಅಲ್ಲಿ ಒಂಟೆ ಕೂರಿಸುತ್ತಿದ್ದ. ಪ್ಯಾದೆ ಒಂದೇ ಮನೆ ನಡೆಯುವ ಆಟದಲ್ಲಿ ಬೆಳೆದವನಿಗೆ ಅದು ಸಹಜ. ‘ಇಂಡಿಯನ್ ಡಿಫೆನ್ಸ್’ ಎಂಬ ಹೆಸರುಗಳ ಬೇರು ಅಲ್ಲಿದೆ. ನಮ್ಮ ಪುಟದ ಐದನೆಯ ಸಾಲಿನ ‘ಒಂ–ಕು2’ ಅದೇ ಕಿಂಡಿಯ ಒಂಟೆ. ನನಗೆ ಪುಳಕವಾಯಿತು. ಚಾಚಾಗೆ ಆಗಲಿಲ್ಲ. ಎರಡು ಮನೆ ಜಿಗಿದ ಪ್ಯಾದೆಯ ಆಟವನ್ನು ಹಳ್ಳಿಯ ಕಟ್ಟೆಯ ಮೇಲೆ ಆ ಕಾಲಕ್ಕೆ ಯಾರೂ ಆಡಿದ್ದು ತಾವು ನೋಡಿಲ್ಲ ಎಂದು ಮತ್ತೊಮ್ಮೆ ಹೇಳಿ ತಮ್ಮ ಬಾಜಿಗೆ ತಿರುಗಿದರು. ಅದು ಎಚ್ಚರಿಕೆ ಎಂದು ನನಗೆ ತಿಳಿಯಬೇಕಿತ್ತು.

ಕರಿ ಕಾಯಿಯವನನ್ನು ಹುಡುಕಲು ಬಬಲೇಶ್ವರಕ್ಕೆ ಹೋದೆ. ಅಲ್ಲಿ ಸಿಕ್ಕವರು ಒಬ್ಬ ಅಜ್ಜಿ. ಎಪ್ಪತ್ತೆರಡರಲ್ಲಿ ಖಡಿ ಒಡೆಯಲು ಹೋಗುತ್ತಿದ್ದರು. ಬಲಗೈಯ ತೋರುಬೆರಳಿನ ಉಗುರು ಇವತ್ತಿಗೂ ಸೊಟ್ಟ. ಸುತ್ತಿಗೆ ಜಾರಿ ಬಿದ್ದದ್ದು. ಚದುರಂಗದ ಪಂದ್ಯಾವಳಿ ನಡೆದಿತ್ತೇ ಎಂದು ಕೇಳಿದ್ದಕ್ಕೆ ಬಾಯಿಗೆ ಸೆರಗು ಅಡ್ಡ ಹಿಡಿದರು.

“ಆಡೂ ವರ್ಷ ಇತ್ತೇನಪಾ ಅದು? ಖಡಿ ಒಡದ ಬ್ರಾಸ್ ತುಂಬಿಸಿದ್ರ ಪಗಾರ. ತುಂಬಲಿಲ್ಲಂದ್ರ ಇಲ್ಲ.”

ಬ್ರಾಸ್ ಅಂದರೆ 100 ಘನ ಅಡಿ. ಖಡಿಯ ರಾಶಿಯನ್ನು ಚೌಕವಾಗಿ ಒಟ್ಟಿ, ಉದ್ದ ಅಗಲ ಎತ್ತರ ಅಳೆದು ಲೆಕ್ಕ ಹಾಕುತ್ತಿದ್ದರು. ಅಳೆಯಲು ತಿಕೋಟಾದಿಂದ ಒಬ್ಬ ಕಾರಕೂನ ಸೈಕಲ್ ಮೇಲೆ ಬರುತ್ತಿದ್ದರಂತೆ. ಒಣಕಲು ಮನುಷ್ಯ, ಬಿಳೀ ಟೊಪಿಗೆ. ಅಳತೆ ಮುಗಿದ ಮೇಲೆ ಬೇವಿನ ಗಿಡದ ಕೆಳಗೆ ಕೂತು ಪುಸ್ತಕ ತೆರೆದು ಏನೋ ಪಿಟಿಪಿಟಿ ಅನ್ನುತ್ತ ಬರೆಯುತ್ತಿದ್ದರು.

“ನಾವೆಲ್ಲಾ ಅಂಜತಿದ್ವಿ. ನಮ್ಮ ಪಗಾರ ಕಡೀಲಿಕ್ಕತ್ತಾನ ಅಂತ. ಕುದರಿ, ಆನಿ ಅಂತಿದ್ದ. ಹಸದ ಹಸದ ತೆಲಿ ಕೆಟ್ಟೈತಿ ಅಂದ್ಲು ನಮ್ಮವ್ವ.”

ಎರಡು ಊರ ಹೆಸರು ಯಾಕೆ ಒಂದೇ ಪುಟದ ಮೇಲಿದ್ದವು ಎಂಬುದಕ್ಕೆ ಉತ್ತರ ಅಜ್ಜಿಯ ಮಾತಿನಲ್ಲೇ ಸಿಕ್ಕಿತ್ತು. ನಾನು ಅದನ್ನು ಎತ್ತಿಕೊಳ್ಳಲಿಲ್ಲ. ಬದಲಿಗೆ, ಆಟಗಾರ ಸಿಕ್ಕ ಎಂದು ಖುಷಿಯಿಂದ ಮರಳಿದೆ.

ಇಷ್ಟರಲ್ಲಿ ಹುಡುಗ ಮನೆಯಲ್ಲಿ ಹಲಗೆಯ ಮೇಲೆ ಆಟವನ್ನು ಪೂರಾ ಆಡಿ ನೋಡಲು ಹೊರಟು ಹನ್ನೆರಡನೆಯ ನಡೆಯಲ್ಲಿ ಸಿಕ್ಕಿಬಿದ್ದಿದ್ದ. ಅಲ್ಲೊಂದು ಹುಳ ತಿಂದ ತೂತು. ‘ಆ–ಒಂ1’ ಎಂದು ಉಳಿದಿತ್ತು. ಅದರ ಹಿಂದಿನ ಅಕ್ಷರ ಹೋಗಿತ್ತು. ಬಿಳಿಯ ಎರಡೂ ಆನೆಗಳು ಆ ಮನೆಗೆ ಬರಬಹುದಿತ್ತು. ಯಾವುದು ಬಂತು? ನಾನು ಹಸ್ತಪ್ರತಿ ತಿದ್ದುವ ಪಾಠ ಕಲಿತವನು. ಹರಿದ ಕಡೆ ಕಣ್ಣು ನೆಡದೆ ಮುಂದಿನ ಸಾಲು ಓದು ಎಂದೆ. ಹತ್ತೊಂಬತ್ತರಲ್ಲಿ ಆನೆಯೊಂದು ವಜೀರನ ಸಾಲಿಗೆ ಬರುತ್ತದೆ. ಇಪ್ಪತ್ತಮೂರರಲ್ಲಿ ‘ಆ×ಒಂ’, ಅಂದರೆ ಆನೆ ಕರಿಯ ಒಂಟೆಯನ್ನು ಹೊಡೆಯುತ್ತದೆ. ಹನ್ನೆರಡರಲ್ಲಿ ಬಂದದ್ದು ರಾಜನ ಕಡೆಯ ಆನೆಯಾಗಿದ್ದರೆ ಹತ್ತೊಂಬತ್ತರಲ್ಲಿ ಅದೇ ಪಕ್ಕಕ್ಕೆ ಸರಿದು, ಇನ್ನೊಂದು ಮೂಲೆಯಲ್ಲೇ ಕೂತಿರುತ್ತಿತ್ತು. ಒಂಟೆಯನ್ನು ಹೊಡೆಯಲು ಆ ಸಾಲಿನಲ್ಲಿ ಆನೆಯೇ ಇರುತ್ತಿರಲಿಲ್ಲ. ತೂತಿನಲ್ಲಿದ್ದ ಅಕ್ಷರ ‘ವ’. ವಜೀರನ ಕಡೆಯ ಆನೆ. ಈ ಶೋಧದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ, ಅದಕ್ಕೇ ಇಷ್ಟುದ್ದ ಹೇಳಿದೆ.

ತೂತು ಮುಚ್ಚಿದ ಖುಷಿಯಲ್ಲಿ ನನ್ನ ತಾಕೀತು ಸಡಿಲವಾಯಿತು. ಆಟ ಎಷ್ಟು ಚೆನ್ನಾಗಿದೆ, ಕಂಪ್ಯೂಟರಿನಲ್ಲಿ ನೋಡು ಎಂದೆ. ಹುಡುಗ ನಡೆಗಳನ್ನು ಒಂದೊಂದೇ ತುಂಬಿದ. ಹದಿನೈದರ ಆಸುಪಾಸಿಗೆ ಅವನ ಬೆರಳು ನಿಂತಿತು. ನನ್ನ ಕಡೆ ನೋಡಲಿಲ್ಲ. ಪರದೆಯನ್ನಷ್ಟೇ ತಿರುಗಿಸಿದ.

ಬಿಳಿ: ಬಾಬಿ ಫಿಷರ್. ಕರಿ: ಬೋರಿಸ್ ಸ್ಪಾಸ್ಕಿ. ರೇಕ್ಯಾವಿಕ್, ಐಸ್‌ಲ್ಯಾಂಡ್. ವಿಶ್ವ ಚಾಂಪಿಯನ್‌ಶಿಪ್, ಎಂಟನೆಯ ಆಟ, 27 ಜುಲೈ 1972. ಮೊದಲ ನಡೆಯಿಂದ ಮೂವತ್ತೇಳನೆಯದರವರೆಗೆ ಒಂದಕ್ಷರ ತಪ್ಪಿಲ್ಲದೆ ಅದೇ ಆಟ.

ಆ ಪಂದ್ಯದ ಕಥೆ ಗೊತ್ತಿದ್ದವರಿಗೆ ಗೊತ್ತು. ಜುಲೈ 11ರಂದು ಶುರುವಾಯಿತು. ಫಿಷರ್ ಮೊದಲನೆಯದನ್ನು ಸೋತ, ಕ್ಯಾಮೆರಾಗಳ ಮೇಲೆ ಸಿಟ್ಟಾಗಿ ಎರಡನೆಯದಕ್ಕೆ ಬರಲೇ ಇಲ್ಲ. ಎರಡು ಸೊನ್ನೆ ಹಿಂದಿದ್ದವನು ಎಂಟನೆಯ ಆಟ ಮುಗಿಯುವ ಹೊತ್ತಿಗೆ 5–3ರಿಂದ ಮುಂದಿದ್ದ. ಸೆಪ್ಟೆಂಬರ್ 1ಕ್ಕೆ 12½–8½ರಿಂದ ಗೆದ್ದು ಸೋವಿಯತ್ ಒಕ್ಕೂಟದ ಕೈಯಿಂದ ಪಟ್ಟ ಕಿತ್ತುಕೊಂಡ. ಜೀವಮಾನವೆಲ್ಲ ಹೆಚ್ಚುಕಡಿಮೆ ರಾಜನ ಮುಂದಿನ ಪ್ಯಾದೆಯಿಂದಲೇ ಆಟ ಶುರುಮಾಡಿದವನು ಆ ಪಂದ್ಯದಲ್ಲಿ ಬದಿಯ ಪ್ಯಾದೆ ಎತ್ತಿದ್ದೇ ಒಂದು ಸುದ್ದಿ. ಶೀತಲ ಸಮರದ ಕಾವಿನಲ್ಲಿ ನಡೆಗಳು ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾದವು.

ಸೋಮೇಶ್ವರನಿಂದ ಶುರುವಾಗಿದ್ದ ನನ್ನ ಪೀಠಿಕೆಯನ್ನು ಅಂದು ರಾತ್ರಿ ಅಳಿಸಿದೆ. ಮರುದಿನ ಬೆಳಗಿನ ಬಸ್ಸಿಗೆ ತಿಕೋಟಾಕ್ಕೆ ಹೋದೆ. ಮೊಮ್ಮಗ ಶೆಡ್ಡಿನಲ್ಲಿ ಬಲೆಯ ಮೇಲೆ ದ್ರಾಕ್ಷಿ ಹರವುತ್ತಿದ್ದ. “ಮತ್ತೇನಾತ್ರಿ ಸರ?” ಎಂದ. ಪುಸ್ತಕ ಬೇಕೆಂದೆ. ಈ ಸಲ ಮೊದಲ ಪುಟದಿಂದ ನೋಡಿದೆ.

ಪ್ರತಿ ಪುಟದ ನೆತ್ತಿಯ ಮೇಲೂ ‘ತಿಕೋಟಾ’, ‘ಬಬಲೇಶ್ವರ’ ಎಂದಿತ್ತು.

ಎಡಗಡೆ ತಿಕೋಟಾ ರಸ್ತೆಯ ಖಡಿ, ಬಲಗಡೆ ಬಬಲೇಶ್ವರ ರಸ್ತೆಯ ಖಡಿ. ಹೊಸ ಪುಸ್ತಕ ಕೈಗೆ ಬಂದ ದಿನವೇ ಕೂತು ಎಲ್ಲ ಪುಟಕ್ಕೂ ಗೆರೆ ಎಳೆದು ತಲೆಬರಹ ಹಾಕಿಟ್ಟುಕೊಂಡಿದ್ದ ಕಾರಕೂನ ಅವರು. ಎರಡು ಕಾಲಮ್ಮಿನ ಪುಟ ಚದುರಂಗದ ನಡೆ ಬರೆಯಲು ಹೇಳಿ ಮಾಡಿಸಿದ ಹಾಗಿತ್ತು, ಬಿಳಿಗೊಂದು, ಕರಿಗೊಂದು. ಅಷ್ಟೇ. ಹೊದಿಕೆಯ ಮೇಲೆ ‘ಮೈಸೂರು ರಾಜ್ಯ’ ಎಂದು ಅಚ್ಚಿತ್ತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರು ಬಂದದ್ದು 1973ರ ನವೆಂಬರ್ 1ರಂದು. ಪುಸ್ತಕ ಅದಕ್ಕಿಂತ ಹಿಂದಿನದು. ಆಟದ ಪುಟದ ಹಿಂದಿನ ಲೆಕ್ಕ 1972ರ ಡಿಸೆಂಬರ್ ಕೊನೆಯದು, ಮುಂದಿನದು 1973ರ ಜನವರಿಯದು. ಅಂದರೆ ರೇಕ್ಯಾವಿಕ್‌ನಲ್ಲಿ ಆಟ ಮುಗಿದು ಐದು ತಿಂಗಳ ಮೇಲೆ ಬೇವಿನ ಗಿಡದ ಕೆಳಗೆ ಅದನ್ನು ಕನ್ನಡಕ್ಕೆ ಇಳಿಸಿದ್ದಾರೆ. ಪತ್ರಿಕೆಯ ತುಣುಕು ಜೇಬಿನಲ್ಲಿಟ್ಟುಕೊಂಡಿದ್ದರೋ, ಅಂಗಡಿಯಲ್ಲಿ ಪುಡಿಕೆ ಕಟ್ಟಿದ ರದ್ದಿಯಲ್ಲಿ ಸಿಕ್ಕಿತೋ. ಆಟ ಆಡಿದವರ ಹೆಸರನ್ನು ಎಲ್ಲೂ ಬರೆದಿರಲಿಲ್ಲ. ಅದು ಅವರಿಗೆ ಬೇಕಾಗಿರಲಿಲ್ಲವೋ, ಗೊತ್ತೇ ಇದ್ದದ್ದನ್ನು ಯಾಕೆ ಬರೆಯಬೇಕೆಂದು ಬಿಟ್ಟರೋ.

ಆ ವಾರದ ಖಡಿಯ ಲೆಕ್ಕವೂ ಹಿಂದಿನ ಪುಟದಲ್ಲಿ ಇತ್ತು. ಅದನ್ನು ಈ ಸಲ ಬರೆದುಕೊಂಡೆ. ನಾನು ಬಂದದ್ದೇ ಅದಕ್ಕಲ್ಲವೇ.

ಆಮೇಲೆ ಆಟದ ಪುಟವನ್ನು ಬಿಸಿಲಿಗೆ ಹಿಡಿದು ನೋಡಿದಾಗ ಫೋಟೋದಲ್ಲಿ ಕಾಣದಿದ್ದ ಒಂದು ಕಂಡಿತು. ಹದಿನೈದನೆಯ ಸಾಲಿನ ಬಲಗಡೆ, ಕರಿಯ ‘ಪ್ಯಾ–ವಕು4’ರ ಪಕ್ಕ, ಪೆನ್ಸಿಲ್ಲಿನ ತೆಳುವಾದ ಪ್ರಶ್ನಾರ್ಥಕ.

ಸ್ಪಾಸ್ಕಿ ಕೆಟ್ಟದ್ದು ಅಲ್ಲೇ. ಅವನ ಎರಡೂ ಆನೆಗಳು ಹಿಂದಿನ ಸಾಲಿನಲ್ಲಿ ಒತ್ತೊತ್ತಾಗಿ ನಿಂತಿದ್ದವು. ಕುದುರೆಯ ಸಾಲಿನ ಪ್ಯಾದೆಯನ್ನು ಎರಡು ಮನೆ ಮುಂದೆ ತಳ್ಳಿದ. ಫಿಷರ್ ತನ್ನ ಒಂಟೆಯನ್ನು ಸೀದಾ ಏಳನೆಯ ಸಾಲಿನ ಅಂಚಿಗೆ ಕಳಿಸಿದ. ಆನೆಯ ಮೇಲೆ ಏಟು. ಆನೆ ಬಲಕ್ಕೆ ಸರಿಯಲು ಅಲ್ಲಿ ತಮ್ಮದೇ ಇನ್ನೊಂದು ಆನೆ. ಮೂಲೆಗೆ ಹೋದರೂ, ಒಂದು ಮನೆ ಮುಂದೆ ಹೋದರೂ, ಕಿಂಡಿಯಲ್ಲಿ ಮೊದಲಿನಿಂದ ಸುಮ್ಮನೆ ಕೂತಿದ್ದ ಫಿಷರನ ಇನ್ನೊಂದು ಒಂಟೆಯ ಓರೆ ದಾರಿ. ಎರಡು ಮನೆ ಮುಂದಾದರೆ ಈಗ ಬಂದ ಒಂಟೆಯದೇ ಬಾಯಿ. ಆನೆ ಹೋಯಿತು, ಬದಲಿಗೆ ಒಂದು ಒಂಟೆ, ಒಂದು ಪ್ಯಾದೆ. ಹತ್ತೊಂಬತ್ತರಲ್ಲಿ ಕುದುರೆಯನ್ನೂ ತಪ್ಪು ಕಡೆಗೆ ಹಿಂದೆಳೆದ ಮೇಲೆ ಉಳಿದದ್ದು ಬರೀ ಎಳೆದಾಟ. ಆರು ನಡೆ ಕನ್ನಡಿಯಂತಿದ್ದ ಆಟ ಒಡೆದದ್ದು ಆ ಒಂದು ಪ್ಯಾದೆಯಿಂದ.

ಕಾರಕೂನರು ಅದನ್ನು ಹಿಡಿದಿದ್ದರು. ಪುಟದ ಬುಡದಲ್ಲಿ, ಗೆರೆಯ ಹೊರಗೆ, ಸಣ್ಣ ಅಕ್ಷರದಲ್ಲಿ ತಮ್ಮ ಅಭಿಪ್ರಾಯ ಬರೆದಿದ್ದರು: ‘15. ಆ–ವಆ1 ಬೇಕಿತ್ತು.’ ಅಂದರೆ ಪ್ಯಾದೆ ತಳ್ಳುವ ಬದಲು ಆನೆಯನ್ನು ಮೊದಲೇ ಮೂಲೆಗೆ ಸರಿಸಿಟ್ಟುಕೊಳ್ಳಬೇಕಿತ್ತು. ಆಟ ಬರೆದ ಅದೇ ನೀಲಿ ಶಾಯಿ. ಅದರ ಕೆಳಗೆ ಬೇರೆ ಶಾಯಿ, ಕರಿಯದು, ಬೇರೊಂದು ದಿನದ್ದು: ‘ಇಲ್ಲ. ಒಂ×ಪ್ಯಾ.’

ಊರಿಗೆ ಬರುವ ತನಕ ನನಗೆ ಅದು ಅರ್ಥವಾಗಲಿಲ್ಲ. ಸಂಜೆ ಪುಟದ ಹೊಸ ಫೋಟೋ ಹಿಡಿದುಕೊಂಡು, ಹುಡುಗನನ್ನೂ ಕರೆದುಕೊಂಡು ಚಹಾದಂಗಡಿಗೆ ಹೋದೆ. ಚಾಚಾ ಇದ್ದರು. ಅವರದೇ ಬಿಸಾತಿನ ಮೇಲೆ, ಅವರದೇ ಸವೆದ ಕಾಯಿಗಳಿಂದ, ಹದಿನೈದನೆಯ ನಡೆಗೆ ಕರಿಯ ಸರದಿ ಇದ್ದ ಹಾಗೆ ಹುಡುಗ ಇಟ್ಟ. ಯಾರ ಆಟ ಎಂದು ಹೇಳಲಿಲ್ಲ. ಕರಿ ಪ್ಯಾದೆ ತಳ್ಳಿದ್ದನ್ನೂ ಒಂಟೆ ಬಂದದ್ದನ್ನೂ ತೋರಿಸಿದ. ಚಾಚಾ ನಕ್ಕರು. ಕಾಯಿಗಳನ್ನು ತಾವೇ ಹಿಂದಿಟ್ಟರು. ಬಹಳ ಹೊತ್ತು ನೋಡಿ, ಬೆರಳ ತುದಿಯಿಂದ ಆನೆಯನ್ನು ಮೂಲೆಗೆ ಸರಿಸಿದರು.

“ಹಾಥಿ ಮದಲ ತಗದ ಬಿಡಬೇಕಿತ್ತು. ಇಷ್ಟಽ.”

ಹುಡುಗ ಏನೂ ಹೇಳದೆ ಕಿಂಡಿಯ ಬಿಳಿ ಒಂಟೆಯನ್ನು ಎತ್ತಿ, ಓರೆಯಾಗಿ ಹಲಗೆ ದಾಟಿಸಿ, ಈಗ ಕಾವಲಿಲ್ಲದಂತಾಗಿದ್ದ ಕುದುರೆಯ ಸಾಲಿನ ಪ್ಯಾದೆಯ ಮನೆಯಲ್ಲಿ ಇಟ್ಟ. ಪ್ಯಾದೆಯೂ ಹೋಯಿತು, ಒಂದೇ ಒಂಟೆಯ ಮುಂದೆ ಎರಡೂ ಆನೆ ನಿಂತವು.

ಚಾಚಾ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿ ಮತ್ತೆ ಹಾಕಿಕೊಂಡರು. ಬಿಸಾತನ್ನು ತಮ್ಮ ಕಡೆ ಎಳೆದುಕೊಂಡರು.

“ಠೈರೋ ಠೈರೋ. ಹಿಂದ ಇಡ್ರಿ. ಕರೀ ಕುದ್ರಿ ಎಲ್ಲಿತ್ತು, ಇಲ್ಲೇನು?”